ಹಾಲಿನ ಹದ: ಸೂಪಶಾಸ್ತ್ರದ ಓದಿಗೆ ಪಾಲಿಬೆಟ್ಟದ ಒಲೆ

ಜೂನ್ ತಿಂಗಳಲ್ಲಿ ದಕ್ಷಿಣ ಕೊಡಗಿನ ಪಾಲಿಬೆಟ್ಟಕ್ಕೆ ಮಳೆ ಹಿಡಿದುಕೊಂಡಿತೆಂದರೆ ಬಟ್ಟೆ ಒಣಗುವುದಿಲ್ಲ, ಡಬ್ಬಿಯೊಳಗಿನ ಉಪ್ಪು ನೀರೊಡೆಯುತ್ತದೆ, ಮನೆಯಲ್ಲಿ ಒಬ್ಬರಿಗಲ್ಲದಿದ್ದರೆ ಇನ್ನೊಬ್ಬರಿಗೆ ಕೆಮ್ಮು ಇದ್ದೇ ಇರುತ್ತದೆ. ಅಂಥ ಸಂಜೆಗಳಲ್ಲಿ ಒಲೆಯ ಮೇಲೆ ಸಣ್ಣದೊಂದು ಪಾತ್ರೆ ಏರುತ್ತದೆ. ಹಾಲು, ಜಜ್ಜಿದ ಕಾಳುಮೆಣಸು, ಚಿಟಿಕೆ ಅರಿಶಿನ, ಒಣಶುಂಠಿ, ಕೊನೆಯಲ್ಲಿ ಏಲಕ್ಕಿ, ಇಳಿಸಿದ ಮೇಲೆ ಬೆಲ್ಲ. ಕುಡಿಯುವವರೆಲ್ಲರಿಗೂ ಇದು ಗೊತ್ತಿರುವ ಪಾನೀಯ. ಹೆಸರು ಕೇಳಿದರೆ ಮಾತ್ರ ಒಂದೇ ಉತ್ತರ ಬರುವುದಿಲ್ಲ. ಒಂದು ಮನೆಯಲ್ಲಿ ಅದು ಮೆಣಸಿನ ಹಾಲು, ಇನ್ನೊಂದರಲ್ಲಿ ಅರಿಶಿನದ ಹಾಲು, ಮತ್ತೊಂದರಲ್ಲಿ ಕಷಾಯ, ಮಕ್ಕಳ ಬಾಯಲ್ಲಿ ಮಸಾಲೆ ಹಾಲು.

ಇಷ್ಟು ಸಾಮಾನ್ಯವಾದ ವಸ್ತುವಿನಲ್ಲಿ ಸಾಹಿತ್ಯದ ವಿದ್ಯಾರ್ಥಿಗೆ ಏನಿದೆ ಎಂಬ ಪ್ರಶ್ನೆ ಸಹಜ. ಕನ್ನಡದಲ್ಲಿ ಪಾಕಶಾಸ್ತ್ರದ ಗ್ರಂಥಪರಂಪರೆಯೊಂದಿದೆ. ಅದನ್ನು ಅಧ್ಯಯನ ಮಾಡುವವರು ಹಸ್ತಪ್ರತಿ, ಪಾಠಾಂತರ, ಛಂದಸ್ಸು, ಕಾಲನಿರ್ಣಯಗಳನ್ನು ಶ್ರದ್ಧೆಯಿಂದ ನೋಡುತ್ತಾರೆ, ಒಲೆಯನ್ನು ನೋಡುವುದಿಲ್ಲ. ಅಡುಗೆಮನೆಯ ಕ್ರಿಯಾಪದಗಳನ್ನು ಅರಿಯದೆ ಅಡುಗೆಯ ಪದ್ಯಕ್ಕೆ ಅರ್ಥ ಬರೆದರೆ ಅದು ಅರೆಬೆಂದ ಅರ್ಥವೇ ಆಗುತ್ತದೆ. ಹೀಗಾಗಿ ಮನೆಯಲ್ಲಿ ಹಾಲು ಕಾಯಿಸುವ ಕ್ರಮವನ್ನು ದಾಖಲಿಸುವುದು ಜಾನಪದದ ಹವ್ಯಾಸವೆಂದು ಬದಿಗಿಡಬಹುದಾದ ಕೆಲಸವಲ್ಲ. ಗ್ರಂಥಸಂಪಾದನೆಗೆ ಸೇರಿದ ಕೆಲಸ. ಅದನ್ನು ಮಾಡಲು ಉಳಿದಿರುವ ಕಾಲವೂ ಹೆಚ್ಚಿಲ್ಲ.

ಪಾಲಿಬೆಟ್ಟವನ್ನು ಇಲ್ಲಿ ಆರಿಸಿಕೊಳ್ಳುವುದಕ್ಕೆ ಕಾರಣಗಳಿವೆ. ಗೋಣಿಕೊಪ್ಪಲಿಗೂ ಸಿದ್ದಾಪುರಕ್ಕೂ ನಡುವೆ ಇರುವ ಈ ಊರಿನ ಸುತ್ತ ಕಾಫಿ ತೋಟಗಳಿವೆ. ತೋಟದ ನೆರಳುಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿದೆ. ಇನ್ನೂ ಹೆಚ್ಚು ಮಳೆ ಬೀಳುವ ಪಶ್ಚಿಮದ ಕಣಿವೆಗಳಲ್ಲಿ ಏಲಕ್ಕಿಯುಂಟು. ಹಾಲಿಗೆ ಬೀಳುವ ಸಂಬಾರಗಳಲ್ಲಿ ಮುಖ್ಯವಾದವು ಅಂಗಡಿಯಿಂದ ಬರುವ ಮೊದಲೇ ಮನೆಯ ಅಂಗಳದಲ್ಲಿ ಒಣಗುವ ನಾಡು ಇದು. ಎರಡನೆಯದಾಗಿ, ಇಲ್ಲಿ ಕೊಡವ ತಕ್ಕ್, ಕನ್ನಡ, ಅರೆಭಾಷೆ, ಮಲಯಾಳ, ತುಳು, ತಮಿಳು, ಎರವ ಮತ್ತು ಕುರುಬ ನುಡಿಗಳು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಹಳಗನ್ನಡದ ತರಗತಿಯಲ್ಲಿ 'ಪಾಲ್' ಎಂಬ ರೂಪ ಮುಂದೆ 'ಹಾಲು' ಆಯಿತೆಂದು, ಪಕಾರ ಹಕಾರವಾದ ಬದಲಾವಣೆಗೆ ಅದೊಂದು ಉದಾಹರಣೆಯೆಂದು ವಿದ್ಯಾರ್ಥಿಗಳು ಕಲಿಯುತ್ತಾರೆ. ಪುಟದಲ್ಲಿ ಓದುವ ಆ ಪಕಾರವನ್ನು ಕೊಡವ ಮನೆಯ ಅಡುಗೆಕೋಣೆಯಲ್ಲಿ ಇಂದಿಗೂ ಕಿವಿಯಾರೆ ಕೇಳಬಹುದು. ಹಾಗೆಂದು ಪಾಲಿಬೆಟ್ಟದ 'ಪಾಲಿ'ಗೂ ಹಾಲಿಗೂ ನಂಟು ಕಟ್ಟುವ ಆಸೆಗೆ ಒಳಗಾಗಬಾರದು. ಧ್ವನಿಸಾಮ್ಯವೊಂದನ್ನೇ ನೆಚ್ಚಿ ಸ್ಥಳನಾಮ ಬಿಡಿಸುವ ಚಟ ಕನ್ನಡ ಸಂಶೋಧನೆಗೆ ಈಗಾಗಲೇ ಸಾಕಷ್ಟು ತೊಂದರೆ ಕೊಟ್ಟಿದೆ.

ಮೂರನೆಯ ಕಾರಣ ಗ್ರಂಥಕ್ಕೆ ಸಂಬಂಧಿಸಿದ್ದು. ಪಾಲಿಬೆಟ್ಟದಿಂದ ತಿತಿಮತಿಯನ್ನು ದಾಟಿ ಕಾಡಿನ ದಾರಿಯಲ್ಲಿ ಪೂರ್ವಕ್ಕೆ ಇಳಿದರೆ ಹುಣಸೂರು ಸೀಮೆ. ಅಲ್ಲಿಯ ಕಲ್ಲಹಳ್ಳಿ ಮೂರನೆಯ ಮಂಗರಸನ ಊರು. ಚೆಂಗಾಳ್ವ ಅರಸರ ಸಚಿವರ ಮನೆತನಕ್ಕೆ ಸೇರಿದ ಈ ಜೈನ ಕವಿ 16ನೆಯ ಶತಮಾನದ ಆರಂಭದಲ್ಲಿ ಬರೆದವನು. ಜಯನೃಪಕಾವ್ಯ, ನೇಮಿಜಿನೇಶಸಂಗತಿ, ಸಮ್ಯಕ್ತ್ವಕೌಮುದಿ ಮೊದಲಾದ ಕೃತಿಗಳ ಜೊತೆಗೆ ಸೂಪಶಾಸ್ತ್ರವನ್ನೂ ರಚಿಸಿದನು. ಚೆಂಗಾಳ್ವರ ಆಳ್ವಿಕೆ ಹುಣಸೂರು, ಪಿರಿಯಾಪಟ್ಟಣ ಸೀಮೆಯಿಂದ ಕೊಡಗಿನ ಪೂರ್ವಭಾಗದವರೆಗೂ ಹಬ್ಬಿತ್ತು. ಹೀಗೆ ಕನ್ನಡದ ಬಹುಪ್ರಸಿದ್ಧ ಪಾಕಗ್ರಂಥ ಹುಟ್ಟಿದ್ದು ಏಲಕ್ಕಿ ಮೆಣಸುಗಳ ನಾಡಿನ ಹೊಸ್ತಿಲಲ್ಲಿ. ಆ ಗ್ರಂಥದ ಓದಿಗೆ ಜೀವಂತ ವ್ಯಾಖ್ಯಾನ ಬೇಕೆನ್ನುವವರು ದೂರ ಹೋಗಬೇಕಾಗಿಲ್ಲ.

ಮೊದಲು ಒಲೆಯ ಕಡೆಗೆ ಬರಬೇಕು. ಎರಡು ಲೋಟ, ಎಂದರೆ ಸುಮಾರು 400 ಮಿ.ಲೀ. ಹಾಲಿಗೆ ಆರೆಂಟು ಕಾಳುಮೆಣಸು, ಎರಡು ಏಲಕ್ಕಿ, ಚಮಚದ ಕಾಲುಭಾಗಕ್ಕೂ ಕಡಿಮೆ ಅರಿಶಿನ, ಎರಡು ಚಿಟಿಕೆ ಒಣಶುಂಠಿಯ ಪುಡಿ, ಬೇಕೆನಿಸಿದರೆ ಕಲ್ಲಿನ ಮೇಲೆ ಎರಡು ಸುತ್ತು ತೇಯ್ದ ಜಾಯಿಕಾಯಿ. ಇದು ಬಹುತೇಕ ಮನೆಗಳಿಗೆ ಒಪ್ಪುವ ಪ್ರಮಾಣ. ಪಾತ್ರೆಯ ತಳಕ್ಕೆ ಮೊದಲು ಸ್ವಲ್ಪ ನೀರು ಹಾಕಿ ಅನಂತರ ಹಾಲು ಹೊಯ್ಯುತ್ತಾರೆ. ಹಾಲು ತಳ ಹಿಡಿಯದಿರಲೆಂದು. ಮೆಣಸನ್ನು ಜಜ್ಜುತ್ತಾರೆ, ಪುಡಿ ಮಾಡುವುದಿಲ್ಲ. ಮೆಣಸು, ಅರಿಶಿನ, ಶುಂಠಿಗಳನ್ನು ಹಾಲು ತಣ್ಣಗಿರುವಾಗಲೇ ಹಾಕಿ, ಸಣ್ಣ ಉರಿಯಲ್ಲಿ ಕಾಯಿಸುತ್ತಾರೆ. ಹಾಲು ಅಂಚಿನಲ್ಲಿ ಗುಳ್ಳೆ ಕಟ್ಟಿ ಮೇಲೇಳತೊಡಗಿದಾಗ ಉರಿಯನ್ನು ಇನ್ನಷ್ಟು ತಗ್ಗಿಸಿ ನಾಲ್ಕೈದು ನಿಮಿಷ ಹಾಗೆಯೇ ಬಿಡುತ್ತಾರೆ. ಏಲಕ್ಕಿಯನ್ನು ಸಿಪ್ಪೆಸಹಿತ ಕುಟ್ಟಿ, ಇಳಿಸುವುದಕ್ಕೆ ಸ್ವಲ್ಪ ಮುಂಚೆ ಹಾಕುತ್ತಾರೆ. ಇಳಿಸಿ, ಮುಚ್ಚಿಟ್ಟು, ಸೋಸಿ, ಬಿಸಿ ತುಸು ಆರಿದ ಮೇಲೆ ಬೆಲ್ಲ ಕದಡುತ್ತಾರೆ. ಕೊನೆಗೆ ಒಂದು ಲೋಟದಿಂದ ಇನ್ನೊಂದಕ್ಕೆ ಎತ್ತಿ ಹೊಯ್ದು ನೊರೆ ಬರಿಸುತ್ತಾರೆ.

ಈ ಕ್ರಮದಲ್ಲಿ ಬಳಕೆಯಾದ ಕ್ರಿಯಾಪದಗಳನ್ನು ಗಮನಿಸಬೇಕು: ಹೊಯ್ಯು, ಜಜ್ಜು, ಕುಟ್ಟು, ತೇಯು, ಕಾಯಿಸು, ತಗ್ಗಿಸು, ಇಳಿಸು, ಸೋಸು, ಆರಿಸು, ಕದಡು. ಕಾಯಿಸುವುದಕ್ಕೂ ಕುದಿಸುವುದಕ್ಕೂ, ಕುದಿಸುವುದಕ್ಕೂ ಬತ್ತಿಸುವುದಕ್ಕೂ ಅಡುಗೆಮನೆಯಲ್ಲಿ ಸ್ಪಷ್ಟವಾದ ಗಡಿಗಳಿವೆ. ಹೊಸ ಮನೆಗೆ ಹೊಕ್ಕಾಗ ಹಾಲನ್ನು ಉಕ್ಕಿಸುತ್ತಾರೆ. ದಿನನಿತ್ಯದ ಹಾಲು ಉಕ್ಕಿದರೆ ಅದು ಅಜಾಗರೂಕತೆ. ಉಕ್ಕು ಎಂಬ ಒಂದೇ ಕ್ರಿಯೆ ಒಂದು ದಿನ ಮಂಗಳ, ಮರುದಿನ ತಪ್ಪು. ಜಜ್ಜುವುದು, ಕುಟ್ಟುವುದು, ಅರೆಯುವುದು, ತೇಯುವುದು ಇವು ಪರ್ಯಾಯಪದಗಳಲ್ಲ. ಒಂದೊಂದಕ್ಕೂ ಬೇರೆ ಸಾಧನ, ಬೇರೆ ಫಲ. ನಿಘಂಟುಗಳಲ್ಲಿ ಇವು ಒಂದರ ಅರ್ಥಕ್ಕೆ ಇನ್ನೊಂದಾಗಿ ನಿಲ್ಲುವುದುಂಟು. ಒಲೆಯ ಮುಂದೆ ಹಾಗೆ ನಿಲ್ಲಲಾರವು.

ಕ್ರಮದ ಹಿಂದೆ ಕಾರಣಗಳೂ ಇವೆ. ಮೆಣಸಿನ ಖಾರಕ್ಕೆ ಮೂಲವಾದ ಪೈಪರಿನ್ ಮತ್ತು ಅರಿಶಿನದ ಬಣ್ಣಕ್ಕೆ ಮೂಲವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದು ಅತ್ಯಲ್ಪ, ಕೊಬ್ಬಿನಲ್ಲಿ ಹೆಚ್ಚು. ಅವಕ್ಕೆ ಹಾಲಿನ ಜಿಡ್ಡೂ ಸ್ವಲ್ಪ ಹೊತ್ತಿನ ಬಿಸಿಯೂ ಬೇಕು, ಆದ್ದರಿಂದ ಮೊದಲೇ ಬೀಳುತ್ತವೆ. ಏಲಕ್ಕಿಯ ಪರಿಮಳವಾದರೋ ಬೇಗ ಆವಿಯಾಗುವ ತೈಲದಲ್ಲಿದೆ. ಮೊದಲೇ ಹಾಕಿದರೆ ಪರಿಮಳ ಅಡುಗೆಮನೆಗೆ ಸಲ್ಲುತ್ತದೆ, ಲೋಟಕ್ಕೆ ಉಳಿಯುವುದಿಲ್ಲ. ಹಸಿಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಒಡೆಯುವ ಕಿಣ್ವವಿದೆ. ಅದನ್ನು ಜಜ್ಜಿ ಬೆಚ್ಚಗಿನ ಹಾಲಿಗೆ ಹಾಕಿದರೆ ಹಾಲು ಹೆಪ್ಪುಗಟ್ಟಬಹುದು. ಹಸಿಶುಂಠಿಯನ್ನೇ ಬಳಸುವ ಮನೆಗಳು ಅದನ್ನು ಮೊದಲು ನೀರಿನಲ್ಲಿ ಕುದಿಸಿಕೊಳ್ಳುವುದು ಈ ಕಾರಣಕ್ಕೆ. ಬೆಲ್ಲದಲ್ಲಿ ಹುಳಿಯ ಅಂಶವೂ ಲವಣಗಳೂ ಇರುವುದರಿಂದ ಕುದಿಯುವ ಹಾಲಿಗೆ ಅದನ್ನು ಹಾಕಿದರೆ ಹಾಲು ಒಡೆಯುತ್ತದೆ. ಇಷ್ಟನ್ನೂ ಪ್ರಯೋಗಾಲಯದ ನೆರವಿಲ್ಲದೆ ಕಂಡುಕೊಂಡು, ಕೆಟ್ಟ ಹಾಲಿನ ಲೆಕ್ಕ ಇಟ್ಟು, ಮುಂದಿನವರಿಗೆ ಒಂದೆರಡು ಮಾತಿನಲ್ಲಿ ದಾಟಿಸಿದವರು ಮನೆಯ ಹೆಂಗಸರು. 'ಬೆಲ್ಲ ಆಮೇಲೆ ಹಾಕು ಮಗಾ' ಎಂಬ ಅಜ್ಜಿಯ ಮಾತಿನಲ್ಲಿ ಹಲವು ತಲೆಮಾರುಗಳ ಒಡೆದ ಹಾಲು ಅಡಗಿದೆ.

ಈಗ ಗ್ರಂಥದ ಕಡೆಗೆ. ಕನ್ನಡದಲ್ಲಿ ಅಡುಗೆಯ ವಿಷಯ ಮಂಗರಸನಿಗಿಂತ ಬಹು ಹಿಂದೆಯೇ ಬರಹಕ್ಕೆ ಬಂದಿತ್ತು. ಕ್ರಿ.ಶ. 1025ರ ಸುಮಾರಿನ ಎರಡನೆಯ ಚಾವುಂಡರಾಯನ ಲೋಕೋಪಕಾರದಲ್ಲಿ ಕೃಷಿ, ಜಲಶೋಧ, ವೈದ್ಯಗಳ ಜೊತೆಗೆ ಪಾಕವಿಷಯವೂ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಅರಸನ ಊಟ ಹಾಗೂ ಪಾನೀಯಗಳ ವಿವರವಿದೆ. ಮಂಗರಸನ ವೈಶಿಷ್ಟ್ಯವೆಂದರೆ ಸಸ್ಯಾಹಾರದ ಅಡುಗೆಯನ್ನೇ ಇಡೀ ಗ್ರಂಥದ ವಸ್ತುವಾಗಿಸಿದ್ದು, ಅದನ್ನು ವಾರ್ಧಕ ಷಟ್ಪದಿಯಲ್ಲಿ ಹೇಳಿದ್ದು, ಆರು ಅಧ್ಯಾಯಗಳ ಆ ಗ್ರಂಥದಲ್ಲಿ ಪಾನಕಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದು.

ವಾರ್ಧಕ ಷಟ್ಪದಿಯ ಲೆಕ್ಕ ನಿಖರವಾದದ್ದು. ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ ಐದು ಮಾತ್ರೆಯ ನಾಲ್ಕು ನಾಲ್ಕು ಗಣಗಳು. ಮೂರು ಮತ್ತು ಆರನೆಯ ಪಾದಗಳಲ್ಲಿ ಅಂಥ ಆರು ಗಣಗಳು, ಮೇಲೊಂದು ಗುರು. ಒಟ್ಟು 144 ಮಾತ್ರೆಗಳು. ಹಸ್ತಪ್ರತಿಯಲ್ಲಿ ಒಂದು ಮಾತ್ರೆ ತಪ್ಪಿದರೂ ಸಂಪಾದಕನಿಗೆ ತಿಳಿಯುತ್ತದೆ, ತಿದ್ದಲೂ ದಾರಿಯಿದೆ. ಆದರೆ ಪದ್ಯ ಹೇಳುವ ಪಾಕದ ಮಾತ್ರೆಯನ್ನು ಹೀಗೆ ಎಣಿಸಲು ಬರುವುದಿಲ್ಲ. ಪಾಕಪದ್ಯಗಳು ಬಹುಮಟ್ಟಿಗೆ ಪದಾರ್ಥಗಳ ಹೆಸರನ್ನೂ ಕ್ರಿಯೆಗಳ ಸರಣಿಯನ್ನೂ ಹೇಳಿ, ಉಳಿದುದನ್ನು ಅಡುಗೆ ಬಲ್ಲವರ ಅರಿವಿಗೆ ಬಿಡುತ್ತವೆ. ಎಷ್ಟು ಉರಿ, ಎಷ್ಟು ಹೊತ್ತು, ಬಣ್ಣ ಯಾವ ಹಂತಕ್ಕೆ ಬಂದಾಗ ನಿಲ್ಲಿಸಬೇಕು ಎಂಬುದು ಪದ್ಯದ ಹೊರಗೆ ಉಳಿಯುತ್ತದೆ. ಇದು ಕವಿಯ ಕೊರತೆಯಲ್ಲ. ಆತನ ಓದುಗರಿಗೆ ಅದು ಗೊತ್ತಿತ್ತು. ಇಂದಿನ ಓದುಗರಿಗೆ ಗೊತ್ತಿಲ್ಲದಿರುವುದೇ ಸಮಸ್ಯೆ.

'ಹದ' ಎಂಬ ಪದವನ್ನೇ ತೆಗೆದುಕೊಳ್ಳಬಹುದು. ಮಣ್ಣಿಗೂ ಹದವುಂಟು, ಕಬ್ಬಿಣಕ್ಕೂ ಹದವುಂಟು, ಚರ್ಮಕ್ಕೂ, ಮಾತಿಗೂ, ಹಾಲಿಗೂ ಉಂಟು. ಎಲ್ಲ ಕಡೆಯೂ ಅದರ ಅರ್ಥ ತಕ್ಕ ಸ್ಥಿತಿ ಎಂದೇ. ಆದರೆ ಯಾವುದು ತಕ್ಕ ಸ್ಥಿತಿ ಎಂಬುದನ್ನು ಕಣ್ಣು, ಮೂಗು, ಬೆರಳುಗಳು ತೀರ್ಮಾನಿಸುತ್ತವೆ. ಹಾಲಿನ ಹದವೆಂದರೆ ಮೇಲೆ ತೆಳುವಾದ ಕೆನೆ ಕಟ್ಟಿ ಅದರ ಅಂಚು ಸುಕ್ಕುಗಟ್ಟುವ ಹೊತ್ತು ಎಂದು ಬಲ್ಲವರು ತೋರಿಸುತ್ತಾರೆ. ಅಷ್ಟನ್ನು ಕಂಡವರಿಗೆ ಹಳೆಯ ಪದ್ಯದ 'ಹದ' ಒಂದು ದೃಶ್ಯ. ಕಾಣದವರಿಗೆ ಅದು ಎರಡು ಮಾತ್ರೆಯ ಶಬ್ದ.

ಇನ್ನೊಂದು ಉದಾಹರಣೆ 'ಮೆಣಸು'. ಇಂದಿನ ನಗರದ ವಿದ್ಯಾರ್ಥಿಗೆ ಮೆಣಸು ಎಂದೊಡನೆ ಕೆಂಪು ಮೆಣಸಿನಕಾಯಿ ನೆನಪಾಗುವ ಸಂಭವ ಹೆಚ್ಚು. ಆದರೆ ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರು ಬಂದ ಮೇಲೆ ಈ ದೇಶಕ್ಕೆ ಬಂದದ್ದು. ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಮಂಗರಸ ಬರೆದದ್ದು ಅದಾದ ಕೆಲವೇ ವರ್ಷಗಳಲ್ಲಿ. ಆತನ ಅಡುಗೆಯ ಖಾರವೆಲ್ಲ ಬಳ್ಳಿಯ ಮೆಣಸಿನದು. ಮುಂದೆ ಹೊಸ ಕಾಯಿ ಹಳೆಯ ಹೆಸರನ್ನು ಹಂಚಿಕೊಂಡಿತು; ಹಳೆಯದು ತನ್ನ ಗುರುತಿಗಾಗಿ ಕಾಳುಮೆಣಸು, ಕರಿಮೆಣಸು, ಒಳ್ಳೆಮೆಣಸು ಎಂಬ ವಿಶೇಷಣಗಳನ್ನು ಹೊರಬೇಕಾಯಿತು. ಪಾಲಿಬೆಟ್ಟದಂಥ ಊರಿನಲ್ಲಿ ಮಾತ್ರ ಇಂದಿಗೂ 'ಮೆಣಸು ಕೊಯ್ಲು' ಎಂದರೆ ಯಾರೂ ಯಾವ ಮೆಣಸೆಂದು ಕೇಳುವುದಿಲ್ಲ. ಗ್ರಂಥದ ಅರ್ಥ ಅಲ್ಲಿ ಸಹಜವಾಗಿ ಉಳಿದುಕೊಂಡಿದೆ. 'ಪಾಕ' ಎಂಬ ಪದದ ಕಥೆಯೂ ಇಂಥದೇ. ಗ್ರಂಥದಲ್ಲಿ ಅದು ಅಡುಗೆ ಎಂಬ ವಿಶಾಲ ಅರ್ಥದ್ದು; ಮನೆಮಾತಿನಲ್ಲಿ ಎಳೆಪಾಕ, ಗಟ್ಟಿಪಾಕ ಎಂದು ಬೆಲ್ಲ ಸಕ್ಕರೆಗಳ ಹದಕ್ಕೆ ಸೀಮಿತವಾಗಿದೆ. 'ಹಾಲು' ಎಂಬ ಪದವೂ ನಿಸ್ಸಂದಿಗ್ಧವಲ್ಲ. ಕಕ್ಕಡ ಮಾಸದ ಹದಿನೆಂಟನೆಯ ದಿನ, ಎಂದರೆ ಆಗಸ್ಟ್ 3ರಂದು, ಕೊಡಗಿನ ಮನೆಗಳಲ್ಲಿ ಮದ್ದುಸೊಪ್ಪನ್ನು ಕುದಿಸಿ ತೆಗೆದ ನೇರಳೆ ಬಣ್ಣದ ರಸದಲ್ಲಿ ಪಾಯಸ ಮಾಡುತ್ತಾರೆ. ಹದಿನೆಂಟು ಬಗೆಯ ಮದ್ದು ಆ ದಿನ ಆ ಸೊಪ್ಪಿನಲ್ಲಿ ಕೂಡಿರುತ್ತದೆಂಬ ನಂಬಿಕೆ. ಆ ಪಾಯಸಕ್ಕೆ ಬೀಳುವ ಹಾಲು ತೆಂಗಿನಕಾಯಿಯದು. ಹಳೆಯ ಪದ್ಯವೊಂದರಲ್ಲಿ ಹಾಲು ಎಂದಿದ್ದಾಗ ಅದು ಹಸುವಿನದೋ ಎಮ್ಮೆಯದೋ ತೆಂಗಿನದೋ ಎಂದು ಕೇಳಿಕೊಳ್ಳುವ ಎಚ್ಚರ ಇಂಥ ಅಡುಗೆಯನ್ನು ನೋಡಿದವರಿಗೆ ತಾನಾಗಿ ಬರುತ್ತದೆ.

ಮನೆಮನೆಯ ವ್ಯತ್ಯಾಸಗಳನ್ನು ಪಾಠಾಂತರಗಳೆಂದೇ ಓದಬಹುದು. ವ್ರತನಿಯಮಗಳನ್ನು ಪಾಲಿಸುವ ಜೈನ ಮನೆಯಲ್ಲಿ ಹಸಿಶುಂಠಿ, ಹಸಿ ಅರಿಶಿನ ನೆಲದೊಳಗಿನ ಗೆಡ್ಡೆಗಳೆಂದು ವರ್ಜ್ಯ; ಒಣಗಿದವು ಸಲ್ಲುತ್ತವೆ. ಜೇನೂ ವರ್ಜ್ಯವಾದ್ದರಿಂದ ಸಿಹಿಗೆ ಬೆಲ್ಲ ಇಲ್ಲವೆ ಕಲ್ಲುಸಕ್ಕರೆ. ರಾತ್ರಿಭೋಜನ ತ್ಯಜಿಸಿದವರಿಗೆ ಈ ಹಾಲು ಸೂರ್ಯಾಸ್ತಕ್ಕೆ ಮುಂಚೆಯೇ ಆಗಬೇಕು. 12ನೆಯ ಶತಮಾನದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ಚಿಕಿತ್ಸೆ ಹೇಳುವ ವೈದ್ಯಗ್ರಂಥವೆಂದು ಸಾಹಿತ್ಯಚರಿತ್ರೆಯಲ್ಲಿ ಓದುತ್ತೇವೆ. ಆ ನಿಯಮ ಲೋಟದ ಮಟ್ಟದಲ್ಲಿ ಹೇಗೆ ಬದುಕಿದೆ ಎಂಬುದು ಇಲ್ಲಿ ಕಾಣುತ್ತದೆ. ಕಾಡಿನ ಅಂಚಿನ ಮನೆಗಳಲ್ಲಾದರೆ ಜೇನೇ ಮುಖ್ಯ ಸಿಹಿ. ತೋಟದ ಲೈನ್ ಮನೆಗಳಲ್ಲಿ ಹಾಲು ದುಬಾರಿ. ಅಲ್ಲಿ ಇದೇ ಸಂಬಾರಗಳು ಬೆಲ್ಲದ ಕಪ್ಪು ಕಾಪಿಗೆ ಬೀಳುವುದುಂಟು. ಕೊಡವರ ಮದುವೆಯ ಮುಹೂರ್ತದಲ್ಲಿ ಹಿರಿಯರು ಅಕ್ಕಿ ಹಾಕಿ ಹರಸಿ ಕಿಂಡಿಯಿಂದ ಹಾಲು ಕುಡಿಸುತ್ತಾರೆ. ಅಲ್ಲಿ ಸಂಬಾರಕ್ಕೆ ಎಡೆಯಿಲ್ಲ, ಬಿಳುಪೇ ಮುಖ್ಯ. ಇವುಗಳಲ್ಲಿ ಯಾವುದು ಮೂಲಪಾಠ, ಯಾವುದು ಪ್ರಕ್ಷಿಪ್ತ ಎಂದು ಕೇಳುವುದು ವ್ಯರ್ಥ. ಒಂದೊಂದು ಪಾಠವೂ ಒಂದು ವ್ರತಕ್ಕೆ, ಒಂದು ಋತುವಿಗೆ, ಒಂದು ದಿನಗೂಲಿಗೆ ಉತ್ತರವಾಗಿ ಹುಟ್ಟಿದೆ.

ಈ ವಿಷಯದಲ್ಲಿ ಎರಡು ಅತಿರೇಕಗಳು ಬಳಕೆಯಲ್ಲಿವೆ. ಮೊದಲನೆಯದು ಹೆಮ್ಮೆಯದು: ಎಲ್ಲವೂ ನಮ್ಮ ಹಿರಿಯರಿಗೆ ತಿಳಿದಿತ್ತು, ವಿಜ್ಞಾನ ಈಗ ಒಪ್ಪುತ್ತಿದೆ ಎಂಬುದು. ಇದಕ್ಕೆ ಆಧಾರವಾಗಿ ಹೆಚ್ಚಾಗಿ ಕೇಳಿಬರುವುದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನ. 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿ.ಗ್ರಾಂ ಪೈಪರಿನ್ ಕೊಟ್ಟಾಗ ಮನುಷ್ಯರ ದೇಹಕ್ಕೆ ಕರ್ಕ್ಯುಮಿನ್ ದಕ್ಕುವ ಪ್ರಮಾಣ ಶೇ. 2000ದಷ್ಟು ಹೆಚ್ಚಿತೆಂದು ಅದು ವರದಿ ಮಾಡಿತು. ಅರಿಶಿನದ ಜೊತೆ ಮೆಣಸು ಹಾಕುವ ಮನೆಗಳಿಗೆ ಇದು ಸಂತೋಷದ ಸುದ್ದಿಯೇ. ಆದರೆ ಒಣ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇ. 3. ಎರಡು ಗ್ರಾಂ ಕರ್ಕ್ಯುಮಿನ್ ಬೇಕಾದರೆ ಅರುವತ್ತು ಗ್ರಾಮಿಗೂ ಮೀರಿದ ಅರಿಶಿನ ಬೇಕು. ಯಾವ ಅಜ್ಜಿಯೂ ಲೋಟಕ್ಕೆ ಅಷ್ಟು ಹಾಕಿದ್ದಿಲ್ಲ. ಮನೆಯ ಹಾಲು ಗಂಟಲಿಗೆ ಹಿತ, ಮನಸ್ಸಿಗೆ ಸಮಾಧಾನ ಎನ್ನುವುದಕ್ಕೆ ಈ ಅಧ್ಯಯನ ಬೇಕಾಗಿಲ್ಲ. ರೋಗ ಗುಣಪಡಿಸುತ್ತದೆ ಎನ್ನುವುದಕ್ಕೆ ಈ ಅಧ್ಯಯನ ಸಾಲದು.

ಎರಡನೆಯ ಅತಿರೇಕ ಉಪೇಕ್ಷೆಯದು: ಅಡುಗೆಮನೆಯ ಸಂಗತಿ ವಿದ್ವತ್ತಿನ ವಿಷಯವಲ್ಲ ಎಂಬುದು. ಇದರ ಬೆಲೆ ಎಷ್ಟೆಂಬುದಕ್ಕೆ ಅರಿಶಿನವೇ ಸಾಕ್ಷಿ. ಗಾಯ ಮಾಯಿಸಲು ಅರಿಶಿನದ ಬಳಕೆಗಾಗಿ 1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ದೊರೆಯಿತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನ ಪರಿಷತ್ತು ಅದನ್ನು ಪ್ರಶ್ನಿಸಿ, ಹಳೆಯ ಗ್ರಂಥಗಳನ್ನೂ 1953ರ ಭಾರತೀಯ ವೈದ್ಯ ಪತ್ರಿಕೆಯೊಂದರ ಲೇಖನವನ್ನೂ ಮುಂದಿಟ್ಟಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಕೋಟ್ಯಂತರ ಮನೆಗಳಿಗೆ ತಿಳಿದಿದ್ದ ಸಂಗತಿ ಬಾಯಿಮಾತಾಗಿ ಅಲ್ಲಿ ನಿಲ್ಲಲಿಲ್ಲ. ಬರೆದ ಹಾಳೆ ನಿಂತಿತು. ಮುಂದೆ 2001ರಲ್ಲಿ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯದ ಕೆಲಸ ಆರಂಭವಾದಾಗ ಅದರ ಮೂಲಭಾಷೆಗಳೆಂದು ಹೆಸರಿಸಿದ್ದು ಸಂಸ್ಕೃತ, ಅರಬಿ, ಪಾರಸಿ, ಉರ್ದು, ತಮಿಳುಗಳನ್ನು. ಲೋಕೋಪಕಾರ, ಖಗೇಂದ್ರಮಣಿದರ್ಪಣ, ಸೂಪಶಾಸ್ತ್ರಗಳಂಥ ಗ್ರಂಥಗಳಿರುವ ಕನ್ನಡದ ಹೆಸರು ಆ ಸಾಲಿನಲ್ಲಿ ಕಾಣದಿರುವುದು ಕನ್ನಡ ವಿಭಾಗಗಳು ಯೋಚಿಸಬೇಕಾದ ಸಂಗತಿ.

2020ರ ಮಾರ್ಚ್ ಕೊನೆಯಲ್ಲಿ ಕೇಂದ್ರದ ಆಯುಷ್ ಸಚಿವಾಲಯ ಹೊರಡಿಸಿದ ಸಲಹೆಯಲ್ಲಿ ಈ ಪಾನೀಯಕ್ಕೆ ಸರಕಾರಿ ಅಳತೆಯೊಂದು ದೊರಕಿತು: 150 ಮಿ.ಲೀ. ಬಿಸಿ ಹಾಲಿಗೆ ಅರ್ಧ ಚಮಚ ಅರಿಶಿನದ ಪುಡಿ, ದಿನಕ್ಕೆ ಒಂದೆರಡು ಸಲ. ಮೆಣಸಿನ ಮಾತು ಅದೇ ಸಲಹೆಯ ಬೇರೊಂದು ಕಷಾಯದಲ್ಲಿತ್ತು, ಹಾಲಿನ ಸಾಲಿನಲ್ಲಿರಲಿಲ್ಲ. ಕಾಯಿಸುವ ಕ್ರಮ, ಹೊತ್ತು, ಹದ ಯಾವುದೂ ಇರಲಿಲ್ಲ. ನಗರದ ಕಾಫಿ ಅಂಗಡಿಗಳಲ್ಲಿ ಇದೇ ಹಾಲು 'ಟರ್ಮರಿಕ್ ಲಾಟೆ' ಎಂಬ ಹೆಸರಿನಲ್ಲಿ ದೊರೆಯುತ್ತದೆ. ಅದರಲ್ಲಿ ತಪ್ಪೇನಿಲ್ಲ, ಪಾನೀಯಗಳು ಊರು ಬದಲಿಸುವುದು ಹೊಸದಲ್ಲ. ಗಮನಿಸಬೇಕಾದುದು ಇಷ್ಟೇ: ಮನೆಯ ಕ್ರಮ ಬರಹಕ್ಕೆ ಬರದಿದ್ದರೆ ಸುತ್ತೋಲೆಯ ಒಂದು ಸಾಲು, ಅಂಗಡಿಯ ಒಂದು ಹೆಸರು ಅದರ ಜಾಗದಲ್ಲಿ ಕೂರುತ್ತವೆ. ನೂರು ವರ್ಷದ ಅನಂತರದ ಸಂಶೋಧಕನಿಗೆ ಸಿಗುವ ದಾಖಲೆಯೂ ಅವಷ್ಟೇ ಆಗುತ್ತವೆ.

ಮರೆವಿಗೆ ಯಾರನ್ನೂ ದೂರುವಂತಿಲ್ಲ. ಕೊಡಗಿನ ಸಂಜೆಯ ಲೋಟಕ್ಕೆ ಮೊದಲ ದೊಡ್ಡ ಬದಲಾವಣೆ ತಂದದ್ದು ಕಾಫಿ. 1854ರಲ್ಲಿ ಮಡಿಕೇರಿಯ ಬಳಿ ಯುರೋಪಿಯನ್ನರ ಮೊದಲ ತೋಟವೆದ್ದ ಮೇಲೆ ಕಾಡಿನ ಚಹರೆ ಬದಲಾಯಿತು, ಕುಡಿಯುವ ರೂಢಿಯೂ ಬದಲಾಯಿತು. ಕಟ್ಟೆ ರೋಗ ಏಲಕ್ಕಿ ಮಲೆಗಳನ್ನು ಕಾಡಿತು. ಕೂಡಿಗೆಯಲ್ಲಿ 1955ರಲ್ಲಿ ಡೇರಿ ಬಂದು, ಮುಂದೆ ಪೊಟ್ಟಣದ ಹಾಲು ಹಳ್ಳಿಗಳನ್ನು ತಲುಪಿತು. ಹಾಲು ಹುಡುಕುವ ಕಷ್ಟ ತಪ್ಪಿದ್ದು ದೊಡ್ಡ ಉಪಕಾರ. ಆದರೆ ಆಗ ಕರೆದ ಹಾಲಿನ ಕೆನೆಯಂತೆ ಪೊಟ್ಟಣದ ಹಾಲಿನ ಕೆನೆ ಕಟ್ಟುವುದಿಲ್ಲವಾದ್ದರಿಂದ ಹದದ ಗುರುತುಗಳೂ ಬೇರೆಯಾದವು. ಮಿಕ್ಸಿ ಬಂದ ಮೇಲೆ ಜಜ್ಜು, ಕುಟ್ಟು, ಅರೆ ಎಂಬ ಮೂರು ಕೆಲಸಗಳು ಒಂದೇ ಗುಂಡಿಯ ಕೆಳಗೆ ಸೇರಿದವು. ಹೆಂಗಸರ ರಟ್ಟೆಗೆ ಬಿಡುವು ಸಿಕ್ಕಿದ್ದನ್ನು ಯಾರೂ ಹಳಿಯಬಾರದು. ಒರಳನ್ನು ಮರಳಿ ತರಬೇಕೆಂದು ಹೇಳುವವರು ಸಾಮಾನ್ಯವಾಗಿ ಒರಳ ಮುಂದೆ ಕೂತವರಲ್ಲ. ಉಳಿಸಬೇಕಾದುದು ಶ್ರಮವನ್ನಲ್ಲ, ಆ ಶ್ರಮದೊಳಗಿದ್ದ ನುಡಿಯನ್ನು.

ಇದಕ್ಕೆ ಮಾದರಿಯೂ ಕೊಡಗಿನಲ್ಲಿಯೇ ಇದೆ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಗಾದೆ, ನಡವಳಿಗಳನ್ನು ಬಾಯಿಂದ ಬಾಯಿಗೆ ಹುಡುಕಿ ಸಂಗ್ರಹಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ಎಂದು ಕನ್ನಡ ಲಿಪಿಯಲ್ಲಿ ಅಚ್ಚು ಮಾಡಿಸಿದರು. ಅವರು ವೃತ್ತಿಯಿಂದ ವಿಶ್ವವಿದ್ಯಾಲಯದ ವಿದ್ವಾಂಸರಾಗಿರಲಿಲ್ಲ, ಪೊಲೀಸ್ ಇಲಾಖೆಯಲ್ಲಿದ್ದವರು. ಆ ಪುಸ್ತಕವಿಲ್ಲದೆ ಇಂದು ಕೊಡವ ಸಂಸ್ಕೃತಿಯ ಅಧ್ಯಯನವನ್ನು ಊಹಿಸುವುದೇ ಕಷ್ಟ. ಹಾಡಿಗೆ ದೊರೆತ ಆ ಗೌರವ ಒಲೆಗೂ ದೊರೆಯಬೇಕು.

ಕೆಲಸ ದೊಡ್ಡದೇನಲ್ಲ. ಕನ್ನಡ ಸ್ನಾತಕೋತ್ತರ ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಎರಡು ಮನೆಗಳಲ್ಲಿ ಒಂದೇ ಒಂದು ಪಾನೀಯ ಸಿದ್ಧವಾಗುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡಿ ಬರೆಯಲಿ. ಪದಾರ್ಥಗಳ ಪಟ್ಟಿಗಿಂತ ಮಾಡುವವರ ಮಾತನ್ನು, ಅದರಲ್ಲಿಯೂ ಕ್ರಿಯಾಪದಗಳನ್ನು, ಅವರ ನುಡಿಯಲ್ಲಿಯೇ ಬರೆಯಲಿ. ಚಿಟಿಕೆ, ಹಿಡಿ, ಬೊಗಸೆ ಎಂದಾಗ ಅದನ್ನು ತೂಗಿ ಗ್ರಾಮಿನಲ್ಲಿಯೂ ಗುರುತಿಸಲಿ. ಆದರೆ ಚಿಟಿಕೆ ಎಂಬ ಮಾತನ್ನು ಅಳಿಸದಿರಲಿ. ಯಾರಿಗಾಗಿ ಮಾಡಿದ್ದು, ಯಾವ ಹೊತ್ತಿನಲ್ಲಿ, ಯಾರಿಂದ ಕಲಿತದ್ದು ಎಂಬುದು ಇರಲಿ. ಹೇಳಿದವರು ಒಪ್ಪಿದರೆ ಅವರ ಹೆಸರೂ ಇರಲಿ. ಹಸ್ತಪ್ರತಿಯ ಲಿಪಿಕಾರನ ಹೆಸರನ್ನು ಪುಷ್ಪಿಕೆಯಲ್ಲಿ ಹುಡುಕುವ ಶಾಸ್ತ್ರ, ಐವತ್ತು ವರ್ಷ ಒಲೆಯ ಮುಂದೆ ನಿಂತವರ ಹೆಸರನ್ನು 'ವಕ್ತೃ' ಎಂಬ ಒಂದೇ ಶಬ್ದದಲ್ಲಿ ಮುಗಿಸುವುದು ನ್ಯಾಯವಲ್ಲ. ಅನಂತರ ಆ ಬರಹವನ್ನು ಪಕ್ಕದಲ್ಲಿಟ್ಟುಕೊಂಡು ಪಾನಕಗಳ ಅಧ್ಯಾಯವನ್ನು ಓದಲಿ.

ಬರೆದಿಟ್ಟರೆ ಹರಿಯುವ ಜ್ಞಾನ ಹೆಪ್ಪುಗಟ್ಟುತ್ತದೆ, ಒಂದು ಮನೆಯ ಕ್ರಮವೇ ಎಲ್ಲರ ಕ್ರಮವಾಗಿಬಿಡುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಒಂದೇ ಪ್ರತಿಯನ್ನು ನಂಬಿದ ಸಂಪಾದನೆಗೆ ಆಗುವ ಕೇಡು ಇದಕ್ಕೂ ಆಗಬಹುದು. ಪರಿಹಾರವೂ ಅಲ್ಲಿಂದಲೇ ಬರಬೇಕು: ಹಲವು ಪ್ರತಿಗಳನ್ನು ಕೂಡಿಸಿ, ಭೇದಗಳನ್ನು ಅಡಿಯಲ್ಲಿ ಉಳಿಸಿಕೊಳ್ಳುವುದು. ಪಾಲಿಬೆಟ್ಟದ ಹತ್ತು ಮನೆಗಳ ಹತ್ತು ಬಗೆಯ ಹಾಲು ಒಟ್ಟಿಗೆ ದಾಖಲಾದರೆ ಯಾವುದೊಂದೂ ಉಳಿದವುಗಳ ಮೇಲೆ ಅಧಿಕಾರ ನಡೆಸಲಾರದು.

ಮಂಗರಸನ ಪದ್ಯ ಐದು ಶತಮಾನ ಬಾಳಿದ್ದು ಯಾರೋ ಪ್ರತಿ ಮಾಡುತ್ತ ಬಂದದ್ದರಿಂದ. ಮೆಣಸಿನ ಹಾಲು ಅದಕ್ಕಿಂತ ಹೆಚ್ಚು ಕಾಲ ಬಾಳಿದ್ದರೆ ಅದೂ ಹಾಗೆಯೇ, ಒಂದು ಕೈ ಮಾಡಿದ್ದನ್ನು ಇನ್ನೊಂದು ಕೈ ನೋಡಿ ಕಲಿತದ್ದರಿಂದ. ಮೊದಲ ಸಾಲಿನ ಲಿಪಿಕಾರರಿಗೆ ಸಾಹಿತ್ಯಚರಿತ್ರೆಯಲ್ಲಿ ಸ್ಥಾನವಿದೆ. ಎರಡನೆಯ ಸಾಲಿನವರು ಈ ಮಳೆಗಾಲದಲ್ಲಿಯೂ ಒಲೆಯ ಮುಂದೆ ಇದ್ದಾರೆ. ಕೇಳಿದರೆ ಹೇಳುತ್ತಾರೆ, ಲೋಟವೊಂದನ್ನೂ ಕೊಡುತ್ತಾರೆ.